ಹಳೆಯ ಮೊಪೆಡ್ಡೋ, ಹೊಸ ಮೊಪೆಡ್ಡೋ?

ಮೀಡಿಯಂ ವೇವ್ ನಿಲಯವೊಂದನ್ನು ಹಚ್ಚಿಕೊಂಡು ಸಂಜೆಯ ವಾರ್ತೆಗೆ ಕಿವಿಗೊಟ್ಟು ಕುಳಿತಿರುತ್ತೀರಿ. ಬೀದಿಯಲ್ಲಿ ಹಳೆಯ ಮೊಪೆಡ್ಡೊಂದು ಹಾದುಹೋಗುತ್ತದೆ. ಪೆಟ್ಟಿಗೆಯೊಳಗೆ ಚಟಚಟನೆ ಸದ್ದೆದ್ದು ವಾರ್ತೆಯ ಎರಡು ಮಾತು ಅದರಲ್ಲಿ ಮುಳುಗಿಹೋಗುವುದುಂಟು. ಎಂಜಿನ್ನಿನ ಪ್ಲಗ್ಗಿನಲ್ಲಿ ಹಾರುವ ವಿದ್ಯುತ್ ಕಿಡಿಯೇ ಈ ಸದ್ದಿಗೆ ಕಾರಣ. ಪ್ರತಿಯೊಂದು ಕಿಡಿಯೂ ಒಂದು ಪುಟ್ಟ ಪ್ರಸಾರ ಕೇಂದ್ರದಂತೆ ಸುತ್ತಲೂ ಅಲೆಗಳನ್ನು ಚೆಲ್ಲುತ್ತದೆ. ನಮ್ಮ ರೇಡಿಯೋ ಅದನ್ನೂ ಹಿಡಿದು ನಮಗೆ ಕೇಳಿಸುತ್ತದೆ. ಆ ಸದ್ದನ್ನು ಶಪಿಸುವ ಮುನ್ನ ತಾವು ಒಂದು ವಿಚಾರವನ್ನು ನೆನೆಯಬೇಕು. ನಿಮ್ಮ ಮನೆಗೆ ಬೆಳಗ್ಗೆ ಬರುವ ಹಾಲು, ಸೊಪ್ಪು, ಹೂವು, ಇವುಗಳಲ್ಲಿ ಹೆಚ್ಚಿನವು ಹಳ್ಳಿಯಿಂದ ಪಟ್ಟಣಕ್ಕೆ ಬಂದದ್ದು ಅಂಥದೊಂದು ಮೊಪೆಡ್ಡಿನ ಬೆನ್ನೇರಿಯೇ.

ಕೊರಟಗೆರೆಗೂ ಮಧುಗಿರಿಗೂ ನಡುವೆ ಚನ್ನರಾಯನದುರ್ಗದ ಕಲ್ಲುಬೆಟ್ಟವಿದೆ. ಅದರ ಬುಡದ ಹಳ್ಳಿಗಳಲ್ಲಿ ಒಂದು ಮುಂಜಾನೆ ನಿಂತು ನೋಡಿದರೆ ಈ ವಾಹನದ ಮಹಿಮೆ ತಿಳಿಯುತ್ತದೆ. ಒಬ್ಬನು ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟಿರುತ್ತಾನೆ. ಮತ್ತೊಬ್ಬನು ಹಸಿಹುಲ್ಲಿನ ಹೊರೆಯ ನಡುವೆ ತಲೆ ಮಾತ್ರ ಕಾಣುವಂತೆ ಕುಳಿತಿರುತ್ತಾನೆ. ಅಕ್ಕಿರಾಂಪುರದ ಸಂತೆಯ ದಿನ ಮುಂದಿನ ಕಾಲುಹಲಗೆಯ ಮೇಲೆ ಕುರಿಯೊಂದು ಯಜಮಾನನ ಮೊಣಕಾಲಿಗೆ ಒರಗಿ ನಿಂತು ಪಯಣ ಮಾಡುವುದೂ ಉಂಟು. ಪಾವಗಡ, ಮಧುಗಿರಿ, ಸಿರಾ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾದುದರಿಂದ ಜನರು ಶುದ್ಧ ನೀರಿನ ಘಟಕಕ್ಕೆ ಹೋಗಿ ಇಪ್ಪತ್ತು ಲೀಟರಿನ ಕ್ಯಾನುಗಳಲ್ಲಿ ಕುಡಿಯುವ ನೀರು ತರಬೇಕು. ಆ ನೀರು ಮನೆಗೆ ಬರುವುದೂ ಮೊಪೆಡ್ಡಿನ ಮೇಲೆಯೇ. ಇಂಥ ಮನೆಯಲ್ಲಿ ಮೊಪೆಡ್ಡು ಎರಡು ದಿನ ಮೂಲೆ ಹಿಡಿದರೆ ಹಾಲು ಡೇರಿಗೆ ಹೋಗುವುದಿಲ್ಲ, ನೀರು ಮನೆಗೆ ಬರುವುದಿಲ್ಲ.

ಇದೇ ಸೀಮೆಯಲ್ಲಿ ಹೊಲ ಮನೆ ನೋಡಿಕೊಂಡಿರುವ ನನ್ನ ತಮ್ಮನು ಒಂದು ಭಾನುವಾರ ಬಂದು, "ಅಣ್ಣಾ, ಹಳೇ ಗಾಡಿ ಬೋರು ಹೋಗೈತೆ. ರಿಪೇರಿಗೆ ಎಂಟು ಸಾವಿರ ಆಯ್ತದೆ ಅಂತಾರೆ. ಮಾಡಿಸ್ಲೋ, ಹೊಸದು ತಗೊಳ್ಳಲೋ?" ಎಂದು ಕೇಳಿದನು. ಅವನದು 2009ರಲ್ಲಿ ಕೊಂಡ ಟೂ ಸ್ಟ್ರೋಕ್ ಗಾಡಿ. ನಮ್ಮ ತಂದೆಯವರು ಕಾಯಿಲೆ ಬಿದ್ದಾಗ ಕೊರಟಗೆರೆಯ ಆಸ್ಪತ್ರೆಗೆ ಅವರನ್ನು ಹಿಂದೆ ಕೂರಿಸಿಕೊಂಡು ಹೋದದ್ದು ಅದರಲ್ಲಿಯೇ. ವ್ಯಾಕರಣ ಹೇಳುವ ಮೇಷ್ಟರಿಗೆ ಎಂಜಿನ್ನಿನ ಪ್ರಶ್ನೆ! ಆದರೂ ಅಣ್ಣನೆನಿಸಿಕೊಂಡ ಮೇಲೆ ಉತ್ತರ ಹೇಳಲೇಬೇಕಲ್ಲವೆ? ಬಲ್ಲವರನ್ನು ಕೇಳಿ, ಲೆಕ್ಕ ಹಾಕಿ, ನಾನು ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತೇನೆ. ಪಟ್ಟಣದಲ್ಲಿ ಹಳೆಯ ಸ್ಕೂಟರನ್ನು ಇಟ್ಟುಕೊಂಡವರಿಗೂ ಇದು ಉಪಯೋಗಕ್ಕೆ ಬಂದೀತು.

ಹೆಸರು ಮತ್ತು ವಂಶ

ಮೊದಲು ಹೆಸರಿನ ವಿಚಾರ. 'ಮೊಪೆಡ್' ಎಂಬುದು ಮೋಟಾರ್ ಮತ್ತು ಪೆಡಲ್ ಎಂಬೆರಡು ಪದಗಳ ತಲೆಗಳನ್ನು ಜೋಡಿಸಿ 1952ರಲ್ಲಿ ಸ್ವೀಡನ್ ದೇಶದ ಪತ್ರಕರ್ತರೊಬ್ಬರು ಟಂಕಿಸಿದ ಮಾತು. ಆ ಕಾಲದ ಗಾಡಿಗಳಿಗೆ ಸೈಕಲ್ಲಿನಂತೆ ತುಳಿಯುವ ಪೆಡಲುಗಳಿದ್ದವು. ಎಂಜಿನ್ ಸೋತರೆ ಕಾಲು ಗೆಲ್ಲಿಸುತ್ತಿತ್ತು. ಇಂದಿನ ಗಾಡಿಗಳಲ್ಲಿ ಪೆಡಲು ಹೋಗಿ ಹೆಸರು ಮಾತ್ರ ಉಳಿದಿದೆ. ನಮ್ಮ ದೇಶದಲ್ಲಿ 1960ರ ದಶಕದಲ್ಲಿ ತಿರುಪತಿಯ ಸುವೇಗಾ ಬಂದಿತು. 1972ರಲ್ಲಿ ಪುಣೆಯ ಲೂನಾ ಬಂದಿತು. 1980ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿನಿಂದ ಇಬ್ಬರು ಕೂರಬಹುದಾದ ಟಿವಿಎಸ್ 50 ಹೊರಟಿತು. ಅದರ ವಂಶದ್ದೇ ಎಕ್ಸ್‌ಎಲ್. ಅದು ನಮ್ಮ ಕಡೆ ಎಷ್ಟರಮಟ್ಟಿಗೆ ಬೇರೂರಿತೆಂದರೆ, ಯಾವ ಕಂಪನಿಯ ಮೊಪೆಡ್ಡನ್ನು ಕಂಡರೂ ಹಳ್ಳಿಗರು 'ಟಿವಿಎಸ್ಸು' ಎಂದೇ ಕರೆಯತೊಡಗಿದರು.

ಈ ವಂಶದಲ್ಲಿ ದೊಡ್ಡ ಬದಲಾವಣೆ ಬಂದದ್ದು 2015ರ ಕೊನೆಯಲ್ಲಿ. ಅದುವರೆಗೆ 69.9 ಸಿ.ಸಿ.ಯ ಟೂ ಸ್ಟ್ರೋಕ್ ಎಂಜಿನ್ನನ್ನು ಹೊತ್ತಿದ್ದ ಎಕ್ಸ್‌ಎಲ್‌ಗೆ 99.7 ಸಿ.ಸಿ.ಯ ಫೋರ್ ಸ್ಟ್ರೋಕ್ ಎಂಜಿನ್ನುಳ್ಳ ಎಕ್ಸ್‌ಎಲ್ 100 ಜೊತೆಯಾಯಿತು. 2017ರ ಏಪ್ರಿಲ್ 1ರಿಂದ ಹೊಗೆಯ ವಿಷಯದಲ್ಲಿ ಬಿ.ಎಸ್. 4 ನಿಯಮ ಜಾರಿಗೆ ಬಂದಾಗ ಹಳೆಯ ಟೂ ಸ್ಟ್ರೋಕ್ ಅಂಗಡಿಯಿಂದ ಮರೆಯಾಯಿತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಬಂದು ಕಾರ್ಬುರೇಟರ್ ಹೋಯಿತು; ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಟರ್ ಬಂತು.

ಎರಡು ಹೊಡೆತ, ನಾಲ್ಕು ಹೊಡೆತ

ಎಂಜಿನ್ನು ಒಮ್ಮೆ ದುಡಿಯಬೇಕಾದರೆ ನಾಲ್ಕು ಕಾರ್ಯ ನಡೆಯಬೇಕು. ಗಾಳಿ ಮತ್ತು ಪೆಟ್ರೋಲನ್ನು ಒಳಗೆಳೆದುಕೊಳ್ಳಬೇಕು, ಒತ್ತಬೇಕು, ಕಿಡಿ ಹೊತ್ತಿಸಿ ಉರಿಯ ಬಲದಿಂದ ಪಿಸ್ಟನ್ನನ್ನು ತಳ್ಳಬೇಕು, ಹೊಗೆಯನ್ನು ಹೊರಹಾಕಬೇಕು. ಫೋರ್ ಸ್ಟ್ರೋಕ್ ಎಂಜಿನ್ ಒಂದೊಂದು ಕಾರ್ಯಕ್ಕೂ ಪಿಸ್ಟನ್ನಿನ ಒಂದೊಂದು ಓಟವನ್ನು ಮೀಸಲಿಡುತ್ತದೆ. ಆದುದರಿಂದ ಎರಡು ಸುತ್ತಿಗೆ ಒಮ್ಮೆ ಮಾತ್ರ ಅದರಲ್ಲಿ ಉರಿ. ಟೂ ಸ್ಟ್ರೋಕ್ ಎಂಜಿನ್ ಈ ನಾಲ್ಕನ್ನೂ ಎರಡೇ ಓಟದಲ್ಲಿ ಮುಗಿಸುತ್ತದೆ. ಪ್ರತಿ ಸುತ್ತಿಗೂ ಉರಿ. ಚಿಕ್ಕ ಎಂಜಿನ್ನಾದರೂ ದುಡಿಮೆ ಹೆಚ್ಚು. ಹಳೆಯ 69.9 ಸಿ.ಸಿ.ಯ ಕೆಲಸವನ್ನು ವಹಿಸಿಕೊಳ್ಳಲು ಹೊಸದಕ್ಕೆ 99.7 ಸಿ.ಸಿ. ಬೇಕಾದದ್ದು ಇದರಿಂದಲೇ. ಆದರೂ ಚಕ್ರವನ್ನು ತಿರುಗಿಸುವ ಬಲ ಹಳೆಯದರಲ್ಲಿ 5 ನ್ಯೂಟನ್ ಮೀಟರ್, ಹೊಸದರಲ್ಲಿ 6.5. ಅಂದರೆ ಹೊರೆ ಹೊರುವುದರಲ್ಲಿ ಹೊಸದೇನೂ ಹಿಂದೆ ಬಿದ್ದಿಲ್ಲ.

ಇಲ್ಲೊಂದು ಸ್ವಾರಸ್ಯವುಂಟು. ನಾವು 'ಹೊಸದು' ಎನ್ನುವ ಫೋರ್ ಸ್ಟ್ರೋಕ್ ತತ್ತ್ವವೇ ನಿಜವಾಗಿ ಹಳೆಯದು! ಜರ್ಮನಿಯ ನಿಕೋಲಸ್ ಆಟೋ ಅಂಥ ಎಂಜಿನ್ನನ್ನು 1876ರಲ್ಲಿಯೇ ನಡೆಸಿ ತೋರಿಸಿದನು. ನಮ್ಮ ಮೊಪೆಡ್ಡುಗಳಲ್ಲಿದ್ದ ಮಾದರಿಯ ಸರಳ ಟೂ ಸ್ಟ್ರೋಕ್ ಎಂಜಿನ್ನನ್ನು ಇಂಗ್ಲೆಂಡಿನ ಜೋಸೆಫ್ ಡೇ ರೂಪಿಸಿದ್ದು ಅದಾದ ಹದಿನೈದು ವರ್ಷಗಳ ಆಸುಪಾಸಿನಲ್ಲಿ. ಆದುದರಿಂದ ಹಳತು ಹೊಸತೆಂಬ ಮಾತಿಗೆ ಮರುಳಾಗದೆ ಗುಣದೋಷಗಳನ್ನು ನೋಡುವುದೇ ಸರಿ.

ಟೂ ಸ್ಟ್ರೋಕಿನ ಗುಣ ಅದರ ಸರಳತೆ. ಅದರಲ್ಲಿ ವಾಲ್ವುಗಳಿಲ್ಲ, ಅವನ್ನು ಎತ್ತಿಳಿಸುವ ಸಾಮಗ್ರಿಗಳಿಲ್ಲ. ಪ್ಲಗ್ಗಿಗೆ ಮಸಿ ಹಿಡಿದರೆ ಸವಾರನೇ ಬಿಚ್ಚಿ ಉಜ್ಜುತ್ತಾನೆ. ಸೈಲೆನ್ಸರಿನಲ್ಲಿ ಕರಿ ಕಟ್ಟಿದರೆ ಮೆಕ್ಯಾನಿಕ್ಕು ಬಿಚ್ಚಿ ಕೆರೆಯುತ್ತಾನೆ. ದೋಷವೂ ಆ ಸರಳತೆಯಲ್ಲಿಯೇ ಅಡಗಿದೆ. ಹೊಗೆಯನ್ನು ಹೊರದಬ್ಬುವ ಹೊತ್ತಿನಲ್ಲಿಯೇ ಹೊಸ ಪೆಟ್ರೋಲೂ ಒಳಬರುವುದರಿಂದ ಅದರಲ್ಲೊಂದು ಪಾಲು ಉರಿಯದೆಯೇ ಹೊಗೆಯ ಸಂಗಡ ಹೊರಟುಹೋಗುತ್ತದೆ. ಉಂಡದ್ದು ಅರಗದೆ ಹೋದಂತೆ! ಅಲ್ಲದೆ ಅದರ ಹೊಟ್ಟೆಯಲ್ಲಿ ಬೇರೆ ಎಣ್ಣೆ ಇಲ್ಲದುದರಿಂದ ಪೆಟ್ರೋಲಿನೊಡನೆಯೇ ಎಣ್ಣೆ ಬೆರೆಸಬೇಕು. ಗಾಡಿಯ ಪುಸ್ತಕ ಹೇಳಿದಂತೆ ಲೀಟರಿಗೆ ಸುಮಾರು 20ರಿಂದ 40 ಮಿಲಿಲೀಟರು. ಈ ಎಣ್ಣೆಯೂ ಉರಿದು ನೀಲಿ ಹೊಗೆಯಾಗುತ್ತದೆ. ಹಿಂದೆ ಕುಳಿತ ಮಕ್ಕಳ ಎದೆಗೆ ಹೋಗುವುದು ಅದೇ.

ಇನ್ನೂ ಒಂದು ಅಪಾಯವುಂಟು. ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು ಬಹುದೂರ ಇಳಿದರೆ ಪೆಟ್ರೋಲಿನ ಸಂಗಡ ಬರಬೇಕಾದ ಎಣ್ಣೆಯೂ ಕಡಿಮೆಯಾಗುತ್ತದೆ. ಕಾದ ಎಂಜಿನ್ನಿನಲ್ಲಿ ಪಿಸ್ಟನ್ ಕಚ್ಚಿಕೊಳ್ಳುವ ಸಂಭವವಿರುತ್ತದೆ. ಬೆಟ್ಟದ ಸೀಮೆಯವರು ನಡುನಡುವೆ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತ ಇಳಿಯುವುದು ಇದಕ್ಕಾಗಿಯೇ.

ಲೋಪ, ಆಗಮ, ಆದೇಶ

ಹಾಗಾದರೆ ಹೊಸ ಗಾಡಿಯಲ್ಲಿ ಆದ ಬದಲಾವಣೆಗಳೇನು? ನನ್ನ ತರಗತಿಯ ಹುಡುಗರಿಗೆ ಕನ್ನಡ ಸಂಧಿಗಳನ್ನು ಹೇಳುವಾಗ ನಾನು ಮೂರು ಮಾತು ಹೇಳುತ್ತೇನೆ. ಇದ್ದದ್ದು ಹೋದರೆ ಲೋಪ, ಇಲ್ಲದ್ದು ಬಂದರೆ ಆಗಮ, ಒಂದರ ಜಾಗಕ್ಕೆ ಇನ್ನೊಂದು ಬಂದರೆ ಆದೇಶ. ಗಾಡಿಗೂ ಈ ಮೂರೇ ಸಾಕು.

ಲೋಪವಾದದ್ದು ಪೆಟ್ರೋಲಿಗೆ ಎಣ್ಣೆ ಬೆರೆಸುವ ಕೆಲಸ ಮತ್ತು ಆ ನೀಲಿ ಹೊಗೆ. ಆಗಮವಾದವುಗಳಲ್ಲಿ ವಾಲ್ವುಗಳು, ಗುಂಡಿ ಒತ್ತಿದರೆ ಹೊರಡಿಸುವ ವ್ಯವಸ್ಥೆ, ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಸಾಧನ ಇವು ಸೇರಿವೆ. ಸವಾರನ ಪ್ರಾಣಕ್ಕೆ ಸಂಬಂಧಿಸಿದ ಎರಡು ಆಗಮಗಳೂ ಉಂಟು. 2017ರ ಏಪ್ರಿಲ್ಲಿನಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪ ಎಂಜಿನ್ ನಡೆಯುವಷ್ಟು ಹೊತ್ತೂ ಉರಿಯುತ್ತಿರಬೇಕೆಂದು ನಿಯಮವಾಯಿತು. 2019ರ ಏಪ್ರಿಲ್ಲಿನಿಂದ ಸಣ್ಣ ಎಂಜಿನ್ನಿನ ಹೊಸ ಗಾಡಿಗಳಲ್ಲಿ ಒಂದು ಬ್ರೇಕನ್ನು ಹಿಡಿದರೆ ಎರಡು ಚಕ್ರಕ್ಕೂ ತಡೆ ಬೀಳುವ ಏರ್ಪಾಡು ಕಡ್ಡಾಯವಾಯಿತು. ಆದೇಶವಾದದ್ದು ಕಾರ್ಬುರೇಟರಿನ ಸ್ಥಾನದಲ್ಲಿ ಇಂಜೆಕ್ಟರ್.

ಈ ಆದೇಶ ಸಂಧಿಯೇ ಹಳ್ಳಿಯ ಜನರನ್ನು ಚಿಂತೆಗೀಡುಮಾಡಿರುವುದು. ಕಾರ್ಬುರೇಟರ್ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತು. ಪೆಟ್ರೋಲಿನಲ್ಲಿ ಕಸವೋ ನೀರೋ ಬಂದರೆ ಬಿಚ್ಚಿ, ತೊಳೆದು, ಊದಿ ಹಾಕುತ್ತಾರೆ. ಇಂಜೆಕ್ಟರಿಗೆ ವಿದ್ಯುತ್ ಪಂಪು ಬೇಕು, ಆ ಪಂಪಿಗೆ ವಿದ್ಯುತ್ತು ಬೇಕು, ಎಲ್ಲಕ್ಕೂ ಒಡೆಯನಾಗಿ ಒಂದು ಗಣಕ ಪೆಟ್ಟಿಗೆ ಬೇಕು. ದೋಷ ಕಂಡರೆ ಮುಂದಿನ ಫಲಕದಲ್ಲಿ ಪುಟ್ಟ ದೀಪವೊಂದು ಹತ್ತುತ್ತದೆ. ಅದು ಏನು ಹೇಳುತ್ತಿದೆಯೆಂದು ತಿಳಿಯಲು ಇನ್ನೊಂದು ಉಪಕರಣ ಬೇಕು. ತಮ್ಮನ ಗಾಡಿಯನ್ನು ನೋಡುವ ಮೆಕ್ಯಾನಿಕ್ಕು ನನಗೆ ಹೇಳಿದ್ದಿಷ್ಟು: "ಮೇಷ್ಟ್ರೇ, ಹಳೇದು ನನ್ ಕೈಗೆ ಸಿಕ್ತೈತೆ. ಹೊಸದು ಕೆಡೋದು ಕಮ್ಮಿನೇ. ಆದ್ರೆ ಕೆಟ್ರೆ ನನ್ ಕೈಲಿಲ್ಲ, ಮಧುಗಿರಿಗೋ ತುಮಕೂರಿಗೋ ಲಗೇಜ್ ಆಟೋದಾಗೆ ಹಾಕ್ಕೊಂಡೋಗ್ಬೇಕು." ಈ ಮಾತಿನಲ್ಲಿ ಎರಡು ಕಡೆಯ ನ್ಯಾಯವೂ ಇದೆಯೆಂದು ನನಗೆ ತೋರಿತು.

ಲೆಕ್ಕ ಏನು ಹೇಳುತ್ತದೆ?

ಈಗ ಕಾಗದ ಪೆನ್ಸಿಲು ತೆಗೆದುಕೊಳ್ಳಿ. ನಿಮ್ಮ ಗಾಡಿ ಲೀಟರಿಗೆ ಎಷ್ಟು ಓಡುತ್ತದೆಂಬುದನ್ನು ಜಾಹೀರಾತಿನಿಂದ ತಿಳಿಯಬೇಡಿ; ಟ್ಯಾಂಕು ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಅಳೆಯಿರಿ. ಉದಾಹರಣೆಗೆ ಹಳೆಯದು 40 ಕಿಲೋಮೀಟರು, ಹೊಸದು 55 ಕಿಲೋಮೀಟರು ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಪೆಟ್ರೋಲು ಲೀಟರಿಗೆ ನೂರು ರೂಪಾಯಿ, ಬೆರೆಸುವ ಎಣ್ಣೆ ಲೀಟರಿಗೆ ಮುನ್ನೂರು ಎಂದು ಹಿಡಿಯೋಣ. ದಿನಕ್ಕೆ 30 ಕಿಲೋಮೀಟರು ಓಡುವವನಿಗೆ ತಿಂಗಳಿಗೆ 900 ಕಿಲೋಮೀಟರು. ಹಳೆಯದು 22½ ಲೀಟರು ಕುಡಿದರೆ ಹೊಸದು ಸುಮಾರು 16½ ಲೀಟರು. ಪೆಟ್ರೋಲಿನಲ್ಲಿ ಸುಮಾರು ಆರುನೂರು, ಬೆರೆಸುವ ಎಣ್ಣೆಯಲ್ಲಿ ಸುಮಾರು ಇನ್ನೂರು ಉಳಿಯುತ್ತದೆ. ಹೊಸದರ ಎಂಜಿನ್ ಎಣ್ಣೆ ಬದಲಾಯಿಸುವ ಖರ್ಚೆಂದು ಐವತ್ತು ಕಳೆಯಿರಿ. ತಿಂಗಳ ಉಳಿತಾಯ 750 ರೂಪಾಯಿ.

ಹೊಸ ಗಾಡಿಗೆ ಅರುವತ್ತು ಸಾವಿರ, ಹಳೆಯದರ ರಿಪೇರಿಗೆ ಎಂಟು ಸಾವಿರ ಎಂದರೆ ವ್ಯತ್ಯಾಸ 52 ಸಾವಿರ. ತಿಂಗಳಿಗೆ 750ರಂತೆ ಇದು ತೀರಲು ಸುಮಾರು ಐದು ವರ್ಷ ಒಂಬತ್ತು ತಿಂಗಳು. ದಿನಕ್ಕೆ 60 ಕಿಲೋಮೀಟರು ಓಡುವ ಹೂವಿನ ವ್ಯಾಪಾರಿಗೆ ಮೂರು ವರ್ಷದೊಳಗೇ ತೀರುತ್ತದೆ. ಮನೆಯಿಂದ ಡೇರಿಗೆ, ಡೇರಿಯಿಂದ ಹೊಲಕ್ಕೆ ಎಂದು ದಿನಕ್ಕೆ ಆರೇ ಕಿಲೋಮೀಟರು ಓಡಿಸುವವನಿಗೆ ಎಷ್ಟು ಕಾಲ ಬೇಕು ಬಲ್ಲಿರಾ? ಸುಮಾರು ಇಪ್ಪತ್ತೊಂಬತ್ತು ವರ್ಷ! ಸಾಲ ಮಾಡಿ ಕೊಂಡರೆ ಬಡ್ಡಿಯೂ ಇದರ ಮೇಲೆ ಏರುತ್ತದೆ. ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಗಾಡಿ ಎಷ್ಟು ಹಳೆಯದೆಂಬುದಲ್ಲ, ಅದು ದಿನಕ್ಕೆ ಎಷ್ಟು ದೂರ ಓಡುತ್ತದೆಂಬುದು.

ಲೆಕ್ಕಕ್ಕೆ ಸಿಗದ ಸಂಗತಿಗಳು

ಹಣದ ಲೆಕ್ಕ ಹೀಗಿದ್ದರೂ ನಿರ್ಣಯ ಅಲ್ಲಿಗೆ ಮುಗಿಯುವುದಿಲ್ಲ. ಸ್ವಂತದ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ದ್ವಿಚಕ್ರ ವಾಹನಕ್ಕೆ 300 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್ಲಿನಲ್ಲಿ 1000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ವಾಹನಗಳಿಗೆ 2025ರಲ್ಲಿ ಮತ್ತೂ ಏರಿತು. ಇದಲ್ಲದೆ ಹಸಿರು ತೆರಿಗೆ, ಹೊಗೆ ತಪಾಸಣೆಯ ಪತ್ರ, ವಿಮೆ. ಇವು ಇಲ್ಲದೆ ಓಡಿಸುತ್ತ ಅಪಘಾತವೊಂದು ಸಂಭವಿಸಿದರೆ ಹೊಲ ಮಾರಬೇಕಾದೀತು.

ಪೆಟ್ರೋಲೂ ಬದಲಾಗಿದೆ. ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ 2025ರ ಹೊತ್ತಿಗೆ ನೂರಕ್ಕೆ ಇಪ್ಪತ್ತು ಮುಟ್ಟಿತು. ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಶಕ್ತಿ ಕಡಿಮೆ. ಅದು ತೇವವನ್ನೂ ಹೀರುತ್ತದೆ. ಹಳೆಯ ಗಾಡಿಗಳ ರಬ್ಬರ್ ಕೊಳವೆ, ವಾಷರುಗಳು ಇದನ್ನು ನೆನೆದು ಮಾಡಿದವಲ್ಲ. ಹಳೆಯ ಗಾಡಿಯನ್ನು ಇಟ್ಟುಕೊಳ್ಳುವವರು ಪೆಟ್ರೋಲ್ ಕೊಳವೆಯನ್ನು ಆಗಾಗ ಮುಟ್ಟಿ ನೋಡಿ, ಬಿರುಕೋ ಅಂಟೋ ಕಂಡರೆ ಬದಲಾಯಿಸತಕ್ಕದ್ದು. ಟ್ಯಾಂಕು ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬಾರದು.

ಹೊರೆಯ ವಿಚಾರವನ್ನೂ ಹೇಳಬೇಕು. ಹೊಸ ಮಾದರಿಗೆ ತಯಾರಕರು ಹೇಳುವ ಮಿತಿ ಸವಾರನೂ ಸೇರಿ ಸುಮಾರು 130 ಕೆ.ಜಿ. ಅರುವತ್ತು ಕೆ.ಜಿ. ತೂಗುವ ರೈತನು ನಲವತ್ತು ಲೀಟರಿನ ತುಂಬಿದ ಹಾಲಿನ ಕ್ಯಾನು, ಮುಂದೆ ಒಂದು ನೀರಿನ ಕ್ಯಾನು ಇಟ್ಟರೆ ಆ ಮಿತಿ ಮುಗಿದಂತೆಯೇ. ಅದರ ಮೇಲೆ ಹುಲ್ಲಿನ ಹೊರೆ ಏರಿಸಿದರೆ ಹಳೆಯದಾಗಲಿ ಹೊಸದಾಗಲಿ ಬ್ರೇಕು ಹಿಡಿದ ಜಾಗದಲ್ಲಿ ನಿಲ್ಲದು.

ಮೇಷ್ಟರಾದ್ದರಿಂದ ಇನ್ನೊಂದು ಮಾತು. ಪ್ರೌಢಶಾಲೆಯ ಹುಡುಗರ ಕೈಗೆ ಅಪ್ಪನ ಮೊಪೆಡ್ಡನ್ನು ಕೊಡುವ ರೂಢಿ ನಮ್ಮ ಕಡೆ ಬಹಳ. ಹದಿನಾರು ತುಂಬಿದವರಿಗೆ ಕಾನೂನು ಬಿಟ್ಟಿರುವುದು 50 ಸಿ.ಸಿ. ಮೀರದ ಗಾಡಿಯನ್ನು, ಅದೂ ಲೈಸೆನ್ಸ್ ಇದ್ದರೆ. ಈ 70 ಮತ್ತು 100 ಸಿ.ಸಿ.ಯ ಗಾಡಿಗಳಿಗೆ ಹದಿನೆಂಟು ತುಂಬಿರಲೇಬೇಕು. 2019ರ ತಿದ್ದುಪಡಿಯ ಪ್ರಕಾರ ಹುಡುಗನು ಅಪರಾಧ ಮಾಡಿದರೆ ತಂದೆಗೆ ಅಥವಾ ಮಾಲೀಕನಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಸೆರೆ.

ನಡುಗನ್ನಡದ ದಾರಿ

ಇನ್ನು ನನ್ನ ತಮ್ಮನ ವಿಚಾರಕ್ಕೆ ಬರೋಣ. ಅವನು ದಿನಕ್ಕೆ ಓಡಿಸುವುದು ಹತ್ತು ಹನ್ನೆರಡು ಕಿಲೋಮೀಟರಿಗೆ ಮೀರದು. ಲೆಕ್ಕ ನೋಡಿದರೆ ರಿಪೇರಿಯೇ ಸರಿ. ನಾನೂ ಹಾಗೆಯೇ ಹೇಳಿ ಕಳುಹಿಸುವವನಿದ್ದೆ. ಆಗ ಅವನ ಹೆಂಡತಿ ಮೆಲ್ಲಗೆ, "ಭಾವಾ, ಹೋದ ತಿಂಗಳು ರಾತ್ರಿ ಬಿದ್ದಿದ್ದು ನಿಮಗೆ ಹೇಳಿಲ್ಲ ಇವ್ರು" ಎಂದಳು. ಪಟ್ಟಣದಿಂದ ಹಿಂಡಿಯ ಮೂಟೆ ತರುವಾಗ ಇಳಿಜಾರಿನಲ್ಲಿ ದನವೊಂದು ಅಡ್ಡ ಬಂದಿತ್ತು. ಹಳೆಯ ಗಾಡಿಯ ದೀಪ ಎಂಜಿನ್ನಿನ ವೇಗವನ್ನೇ ನಂಬಿದ್ದು. ವೇಗ ತಗ್ಗಿಸಿದೊಡನೆ ಬೆಳಕೂ ತಗ್ಗುತ್ತದೆ. ಕಾಣಬೇಕಾದ ಹೊತ್ತಿನಲ್ಲಿಯೇ ಕತ್ತಲೆ! ಹಿಂದಿನ ಬ್ರೇಕೊಂದನ್ನೇ ಹಿಡಿದು ಜಾರಿ ಬಿದ್ದಿದ್ದನು. ಮೊಣಕೈ ತರಚಿದ್ದಷ್ಟೇ ಪುಣ್ಯ. ಅವನ ಮಗಳನ್ನು ಕಾಲೇಜಿನ ಬಸ್ಸಿಗೆ ಬಿಡುವುದೂ ಅದೇ ಗಾಡಿಯಲ್ಲಿ. ನನ್ನ 29 ವರ್ಷದ ಲೆಕ್ಕ ಅಲ್ಲಿಗೆ ಮೌನವಾಯಿತು.

ಹಾಗೆಂದು ಅರುವತ್ತು ಸಾವಿರದ ಸಾಲ ಅವನಿಂದಾಗದು. ಆ ಮೆಕ್ಯಾನಿಕ್ಕಿನ ಮಾತನ್ನೂ ತಳ್ಳಿಹಾಕುವಂತಿಲ್ಲ. ಕೊನೆಗೆ ಹೊಳೆದದ್ದು ನಡುವಿನ ದಾರಿ. ಹಳಗನ್ನಡಕ್ಕೂ ಹೊಸಗನ್ನಡಕ್ಕೂ ನಡುವೆ ನಡುಗನ್ನಡವಿರುವಂತೆ, ಟೂ ಸ್ಟ್ರೋಕಿಗೂ ಇಂಜೆಕ್ಟರಿಗೂ ನಡುವೆ 2017ರಿಂದ 2020ರವರೆಗಿನ ಬಿ.ಎಸ್. 4 ಗಾಡಿಗಳುಂಟು. ಅವು ಫೋರ್ ಸ್ಟ್ರೋಕ್, ಆದರೆ ಕಾರ್ಬುರೇಟರಿನವು. ಅದರಲ್ಲಿಯೂ 2019ರ ಏಪ್ರಿಲ್ ಆದಮೇಲೆ ತಯಾರಾದುದಾದರೆ ದೀಪವೂ ಜೋಡಿ ಬ್ರೇಕೂ ಸೇರಿಯೇ ಬರುತ್ತವೆ. ಇಪ್ಪತ್ತರ ಎಥನಾಲಿಗೆಂದು ಮಾಡಿದವಲ್ಲವೆಂಬ ಕೊರತೆ ಇವಕ್ಕೂ ಇದೆ. ಕೊಳವೆಗಳ ಮೇಲೆ ಕಣ್ಣಿಡಬೇಕು. ಅಂಥದೊಂದು ಗಾಡಿಯನ್ನು ಕೈಬದಲಿಗೆ ಹುಡುಕಿ ಕೊಂಡೆವು.

ಕೈಬದಲಿನ ಗಾಡಿ ಕೊಳ್ಳುವವರು ಇಷ್ಟನ್ನು ನೋಡಬೇಕು. ಬೆಳಗಿನ ಹೊತ್ತು, ಎಂಜಿನ್ ತಣ್ಣಗಿರುವಾಗ ಹೋಗಿ ನೀವೇ ಹೊರಡಿಸಿ ನೋಡಿ. ಮೊದಲೇ ಬಿಸಿಮಾಡಿ ನಿಲ್ಲಿಸಿದ ಎಂಜಿನ್ ತನ್ನ ದೋಷವನ್ನು ಮುಚ್ಚಿಡುತ್ತದೆ. ಫೋರ್ ಸ್ಟ್ರೋಕಿನಲ್ಲಿ ನೀಲಿ ಹೊಗೆ ಕಂಡರೆ ಒಳಗೆ ಎಣ್ಣೆ ಉರಿಯುತ್ತಿದೆಯೆಂದೇ ಅರ್ಥ, ಬಿಟ್ಟುಬಿಡಿ. ಚಾಸಿಸ್ ಸಂಖ್ಯೆಯನ್ನು ಆರ್.ಸಿ. ಪುಸ್ತಕದೊಡನೆ ಹೋಲಿಸಿ. ಆರ್.ಸಿ.ಯಲ್ಲಿ ಸಾಲದ ನಮೂದು ಇದ್ದರೆ ಅದು ತೆಗೆದುಹಾಕಲ್ಪಟ್ಟಿದೆಯೇ ಕೇಳಿ. ಹಣ ಕೊಡುವ ದಿನವೇ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಹಾಕಿಸಿಕೊಂಡು ಹೆಸರು ಬದಲಾಯಿಸಿಕೊಳ್ಳಿ. ಹಳೆಯ ಗಾಡಿಯನ್ನು ಗುಜರಿಗೆ ಕೊಡುವವರು ಅದರ ನೋಂದಣಿಯನ್ನು ರದ್ದುಮಾಡಿಸಿಯೇ ಕೊಡಿ. ಇಲ್ಲವಾದರೆ ಅದರ ಸಂಖ್ಯೆ ಯಾವ ಗಾಡಿಯ ಮೇಲೆ ಓಡಾಡಿದರೂ ಹೊಣೆ ನಿಮ್ಮ ಹೆಸರಿಗೆ ಬರುವುದು.

ವಿದ್ಯುತ್ತಿನ ಗಾಡಿಯೇಕೆ ಬೇಡವೆಂದು ತಾವು ಕೇಳಬಹುದು. 2024ರ ಫೆಬ್ರವರಿಯಲ್ಲಿ ಲೂನಾ ಎಂಬ ಹಳೆಯ ಹೆಸರೇ ವಿದ್ಯುತ್ ಮೊಪೆಡ್ಡಾಗಿ ಮರಳಿ ಬಂದಿದೆ. ಮನೆಯಲ್ಲಿ ನೆಚ್ಚಬಹುದಾದ ವಿದ್ಯುತ್ತು, ಹತ್ತಿರದಲ್ಲಿ ಬಲ್ಲ ಮೆಕ್ಯಾನಿಕ್ಕು ಇರುವ ಪಟ್ಟಣಿಗರು ಅದನ್ನೂ ಮೇಲಿನ ಲೆಕ್ಕಕ್ಕೆ ಹಚ್ಚಿ ನೋಡಲಿ.

ತಮ್ಮನು ಮೊದಲ ದಿನ ಆ ಗಾಡಿಯನ್ನು ಪೆಟ್ರೋಲ್ ಬಂಕಿಗೆ ಕೊಂಡುಹೋದಾಗ ಹದಿನೈದು ವರ್ಷದ ಅಭ್ಯಾಸಬಲದಿಂದ, "ಎಣ್ಣೆನೂ ಹಾಕಪ್ಪ" ಎಂದುಬಿಟ್ಟನಂತೆ. ಬಂಕಿನ ಹುಡುಗನು ನಕ್ಕು ತಡೆದದ್ದರಿಂದ ಒಳ್ಳೆಯದಾಯಿತು. ಫೋರ್ ಸ್ಟ್ರೋಕಿನ ಪೆಟ್ರೋಲಿಗೆ ಎಣ್ಣೆ ಬೆರೆಸಿದರೆ ಪ್ಲಗ್ಗಿಗೆ ಮಸಿ ಕಟ್ಟಿ ಎಂಜಿನ್ ಮುಗ್ಗರಿಸುತ್ತದೆ. ಅದರ ಎಣ್ಣೆಯ ಸ್ಥಾನ ಎಂಜಿನ್ನಿನ ಹೊಟ್ಟೆಯಲ್ಲಿ. ಅದನ್ನು ಪುಸ್ತಕ ಹೇಳಿದ ಕಿಲೋಮೀಟರಿಗೆ ತಪ್ಪದೆ ಬದಲಾಯಿಸಬೇಕು. ಗಾಡಿ ಬದಲಾಯಿಸಿದವರು ಈ ಒಂದು ಅಭ್ಯಾಸವನ್ನೂ ಬದಲಾಯಿಸಿಕೊಳ್ಳಲು ಮರೆಯದಿರಿ.